ಭಾಮೈದನ ಸೊಂಟ

…ಹೊಟ್ಟೆ ಒಳಗೆಳ್ಕೋಬೇಡ. ಬಿಡು. ಉಸಿರು ಬಿಡು ಮಾರಾಯ! ಟೇಪು ಸುತ್ತಿದ ಕೂಡ್ಲೆ ಎಲ್ಲರದ್ದೂ ಇದೇ ನಾಟಕ. ಶೋಕಿ ಕನ್ನಡಿ ಮುಂದೆ ಮಾಡು. ದರ್ಜಿ ಮುಂದೆ ಯಾಕೆ?

ಹೂಂ. ಮೂವತ್ತನಾಲ್ಕು.

ತಾಳು, ಇನ್ನೊಂದು ಸಲ. ಬೆಲ್ಟು ಬಿಚ್ಚು… ಇದೇನೋ ಇದು? ಮೊಳೇಲಿ ಹೊಸ ತೂತು ಹೊಡೆದಿದೀಯ! ಒಂದಲ್ಲ, ಮೂರು. ಬೆಲ್ಟೋ ಜರಡಿನೋ?… ತಿರುಗು. ಹೂಂ. ಮೂವತ್ತನಾಲ್ಕೇ.

ಯಾಕೆ ನಗ್ತೀಯ? ಹಲ್ಲು ಕಿಸೀಬೇಡ. ಅಳತೆ ಪುಸ್ತಕ ತೆಗೀತೀನಿ, ಇರು… ಇಲ್ಲಿದೆ. "ಭಾಮೈದ. ಸೊಂಟ ಮೂವತ್ತೆಂಟು." ನಾನೇ ಬರೆದಿದ್ದು. ನನಗೆ ಬರೋ ಬರಹ ಅಷ್ಟೇ, ಅಂಕಿ ಮತ್ತೆ ಒಂದಷ್ಟು ಹೆಸರು. ಈ ಪ್ಯಾಂಟು ಹೊಲಿದು ಮೂರು ತಿಂಗಳು. ನಾಲ್ಕು ಇಂಚು ಎಲ್ಲಿ ಬೀಳಿಸ್ಕೊಂಡು ಬಂದೆ? ವ್ಯಾನಲ್ಲಿ ಹುಡುಕಿದ್ಯಾ?

ಮೈ ಇಳಿಸೋ ಪುಡಿ. ಗೊತ್ತು. ಬಾಗಿಲಲ್ಲೇ ಕೂಗಿದೆಯಲ್ಲ. ಡಬ್ಬೀನೂ ಹೊತ್ತು ತಂದಿದೀಯ, ಸಾಕ್ಷಿಗೆ. ಮೆಷಿನ್ ಮೇಲಿಡಬೇಡ. ಕೆಳಗಿಡು.

ನೋಡು, ನನಗೆ ಅರ್ಥ ಆಗಲ್ಲ ಅಂದ್ಕೋಬೇಡ. ನಿಮ್ಮಕ್ಕ ಹೋಗಿ ವರ್ಷ ಆಗ್ತಾ ಬಂತು. ನೀನು ತಂದುಕೊಟ್ಟ ಪುಡಿನೇ ಅವಳನ್ನ ತಿಂದುಹಾಕ್ತು ಅಂತ ನಾನು ಬೀದಿಗೆಲ್ಲ ಹೇಳಿದೆ. ಅದಕ್ಕೆ ನೀನೂ ಅದೇ ಪುಡಿ ಕುಡಿದೆ. ಮೂರು ತಿಂಗಳು. ಸಾಯ್ಲಿಲ್ಲ. ಈಗ ಬಂದು ಎದೆ ಸೆಟೆಸಿ ನಿಂತಿದೀಯ. ನೋಡು ಭಾವ, ನನಗೇನಾಯ್ತು?… ಅದೇ ತಾನೆ? ಹಟ ಕಣೋ. ನಿಮ್ಮ ಮನೆತನದ್ದು. ನಿಮ್ಮಕ್ಕನೂ ಹಾಗೇ. ಹಾಲು ಕೆಟ್ಟಿದೆ ಅಂದ್ರೆ ಕುಡಿದು ತೋರಿಸೋಳು. ಆಮೇಲೆ ಎರಡು ದಿನ ಹಿತ್ತಿಲಿಗೆ ಓಡಾಡೋಳು. ಆದ್ರೂ ಹಾಲು ಚೆನ್ನಾಗೇ ಇತ್ತು ಅನ್ನೋಳು.

ಕೂತ್ಕೋ. ಆ ಸ್ಟೂಲಲ್ಲ, ಅದರ ಕಾಲು ಅಲ್ಲಾಡತ್ತೆ… ಈಗ ಮುರೀಲಿಕ್ಕಿಲ್ಲ ಬಿಡು, ಕೂತ್ಕೋ. ಮುಂಚೆ ಆಗಿದ್ರೆ ಬೇಡ ಅಂತಿದ್ದೆ.

ಡಬ್ಬಿ ಕೊಡಿಲ್ಲಿ. ಕನ್ನಡಕ ಎಲ್ಲಿ?… ತಲೆ ಮೇಲೇ ಇದೆ. ನಗು, ನಗು.

ಈ ಚಿತ್ರದಲ್ಲಿರೋನ ಎದೆ ನೋಡು. ಇವನಿಗೆ ಒಂದು ಅಂಗಿ ಅಂದ್ರೆ ಮೂರು ಮೀಟರ್ ಬೇಕು. ಇವನು ಈ ಪುಡಿ ಮೂಸಿಯೂ ನೋಡಿರಲ್ಲ. "ಇಪ್ಪತ್ತೊಂದು ದಿನದಲ್ಲಿ ಹೊಸ ನೀವು." ಹಳೇ ನಿನ್ನನ್ನ ಏನ್ ಮಾಡ್ತಾರಂತೆ? ಹರಾಜಾ?

ಡಬ್ಬಿ ಮುಖ ಓದಬಾರದು ಕಣೋ. ಬೆನ್ನು ಓದಬೇಕು. ಮುಖ ದಲ್ಲಾಳಿದು, ಬೆನ್ನು ಹೆಂಡತೀದು. ನಿಜ ಬೆನ್ನಲ್ಲಿರತ್ತೆ, ಸಣ್ಣ ದನೀಲಿ.

ಯಾರು ಹೇಳಿದ್ದಾ? ಸಿಸ್ಟರು. ಆರೋಗ್ಯ ಕೇಂದ್ರದೋರು. ಗುರುವಾರ ಗುರುವಾರ ಊಟ ತಿಂಡಿ ಬಗ್ಗೆ ಪಾಠ ಮಾಡ್ತಾರೆ. ನಾನು ಹೋಗ್ತೀನಲ್ಲ… ನಿನಗೆ ಹೇಳಿರ್ಲಿಲ್ಲ. ಹೇಳಿದ್ರೆ ಹೀಗೇ ನಗ್ತೀಯ ಅಂತಲೇ. ಗಂಡಸು ನಾನೊಬ್ಬನೇ. ಉಳಿದೋರೆಲ್ಲ ಬಸುರಿಯರು. ಮೊದಲ ದಿನ ಸಿಸ್ಟರು ತಲೆ ಎತ್ತದೆ ಕೇಳಿದ್ರು, ನಿಮಗೆ ಎಷ್ಟು ತಿಂಗಳು? ನಾನು ಮೂರು ಅಂದೆ. ನಿಮ್ಮಕ್ಕ ಹೋಗಿ ಆಗ ಮೂರು ತಿಂಗಳು. ನನ್ನ ತಲೇಲಿ ಇದ್ದಿದ್ದು ಅದೊಂದೇ ಲೆಕ್ಕ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಬ್ಬಳಿಗಂತೂ ಅಲ್ಲೇ ಹೆರಿಗೆ ಆಗ್ತಿತ್ತು. ನಾನೂ ನಕ್ಕೆ. ಏನ್ ಮಾಡ್ಲಿ.

ಹೋಗಿದ್ದು ಯಾಕೆ ಅಂದ್ರೆ… ಅನ್ನ ಬೇಯಿಸೋಕೆ ಬರ್ತಿರ್ಲಿಲ್ಲ. ಒಂದೋ ಕಲ್ಲು, ಒಂದೋ ಅಂಟು. ಬಿಸ್ಕತ್ತು ತಿಂದ್ಕೊಂಡು ಬದುಕ್ತಿದ್ದೆ. ನಿಮ್ಮಕ್ಕನ ಫ್ಯಾಕ್ಟರಿ ಬಿಸ್ಕತ್ತು. ಪ್ಯಾಕಿಂಗ್‌ನೋರು ಒಡೆದ ಬಿಸ್ಕತ್ತನ್ನ ಚೀಲದಲ್ಲಿ ಕಳಿಸ್ತಿದ್ರು, ಅವಳ ನೆನಪಿಗೆ. ಅದೂ ಯಾವುದು? "ಕೊಬ್ಬು ಕಮ್ಮಿ" ಅಂತ ಹಸಿರು ಪೊಟ್ಟಣ ಇದೆಯಲ್ಲ, ಅದು. ಬೆನ್ನು ತಿರುಗಿಸಿದ್ರೆ ಸಕ್ಕರೆ ಒಂದೂವರೆ ಪಟ್ಟು. ಇಲ್ಲಿ ಹಿಡಿದು ಅಲ್ಲಿ ಬಿಟ್ಟಿದಾರೆ. ಒಳ್ಳೇ ದರ್ಜಿ ಕೆಲಸ.

ನೀರಾ? ಹೂಜಿಯಲ್ಲಿದೆ. ಕುಡಿ.

ಈಗ ಕೇಳು. ಬೆನ್ನಲ್ಲಿ ಮೊದಲು ಯಾವ ಹೆಸರಿದ್ಯೋ ಅದೇ ಒಳಗೆ ಜಾಸ್ತಿ ಇರೋದು. ಆಮೇಲೆ ಎರಡನೇದು, ಮೂರನೇದು, ಹಾಗೆ ಇಳೀತಾ ಹೋಗತ್ತೆ. ನೀನೇ ಓದು, ನನಗೆ ಅಕ್ಷರ ಕೂಡಿಸೋಕೆ ಸಂಜೆ ಆಗತ್ತೆ… ಮಾಲ್ಟೋ… ಡೆಕ್ಸ್ಟ್ರಿನ್. ಹೂಂ! ಸಿಸ್ಟರು ಹೇಳಿದ್ದು ಅದೇ. ಏನದು ಗೊತ್ತಾ? ಪಿಷ್ಟದಿಂದ ಮಾಡೋದು. ಗಂಜಿ ಕಣೋ! ನಾನು ಕಾಲರಿಗೆ ಹಾಕ್ತೀನಲ್ಲ, ಗಂಜಿ, ಅದರ ಚಿಕ್ಕಪ್ಪನ ಮಗ. ಎರಡನೇದು?… ಸಕ್ಕರೆ. ಮೂರನೇದು ಬಣ್ಣ, ವಾಸನೆ. ನೀನು ಬೆಳಗ್ಗೆ ಎದ್ದು ಹಲ್ಲುಜ್ಜಿ, ಕಾಲರಿನ ಗಂಜಿಗೆ ಸಕ್ಕರೆ ಹಾಕ್ಕೊಂಡು ಕುಡೀತಿದೀಯ. ಎಷ್ಟು ಚಮಚ?… ಮೂರು? ಇಲ್ಲಿ ಒಂದು ಸಲಕ್ಕೆ ಒಂದು ಚಮಚ ಅಂತ ಬರೆದು ಅದಕ್ಕೆ ಲೆಕ್ಕ ಕೊಟ್ಟಿದಾರೆ. ಮೂರರಿಂದ ಗುಣಿಸು.

ಅದರ ಕೆಳಗೆ, ಇರುವೆ ಸಾಲಿನ ಹಾಗಿದೆ ನೋಡು, ಅದು ಓದು. ಜೋರಾಗಿ. "ಇದು ಔಷಧಿಯಲ್ಲ. ಯಾವ ಕಾಯಿಲೆಯನ್ನೂ ಗುಣಪಡಿಸುವುದಿಲ್ಲ." ಹಾಂ! ಅವರೇ ಒಪ್ಕೊಂಡಿದಾರೆ. ನೀನೊಬ್ಬ ಒಪ್ತಿಲ್ಲ.

ಏನಂದೆ?

ಹಾಗಾದ್ರೆ ಅಕ್ಕನಿಗೂ ಇದರಿಂದ ಏನೂ ಆಗಿಲ್ಲ ತಾನೇ, ಅಂತೀಯಾ…

ಬರೆದಿರೋದು ಇಷ್ಟು. ಬರೆಯದೆ ಇರೋದು ಏನಿದ್ಯೋ. ಎಲ್ಲಾ ಡಬ್ಬೀನೂ ಯಾರು ಪರೀಕ್ಷೆ ಮಾಡ್ತಾರೆ? ಹಾಗಂತ ಸಿಸ್ಟರೇ ಹೇಳಿದಾರೆ… ಬಿಡು ಅದನ್ನ. ನಿನ್ನ ಮಾತು ಆಡೋಣ. ಮಾತು ತಿರುಗಿಸ್ತಿಲ್ಲ! ಸೂಜಿಗೆ ದಾರ ಹಾಕ್ತಿದೀನಿ, ಕಣ್ಣು ಕಾಣಲ್ಲ. ಸುಮ್ನಿರು.

ಕುಡಿತ ಬಿಟ್ಟಿದೀಯಾ? ನನ್ನ ಕಣ್ಣು ನೋಡಿ ಹೇಳು. ವಾರಕ್ಕೆ ನಾಲ್ಕು ದಿನ. ಉಳಿದ ಮೂರು ದಿನ ಲಿವರಿಗೆ ರಜ. ಬಾಟಲಿ ಬೆನ್ನು ಯಾವತ್ತಾದ್ರೂ ಓದಿದೀಯಾ? ಓದೋ ಹೊತ್ತಿಗೆ ನಿನಗೆ ಎರಡೆರಡು ಕಾಣತ್ತೆ. ಕೇಳ್ಕೋ. ಒಂದು ಗ್ರಾಂ ಸಕ್ಕರೆಗೆ ನಾಲ್ಕು ಕ್ಯಾಲೊರಿ. ಕೊಬ್ಬಿಗೆ ಒಂಬತ್ತು. ಸಾರಾಯಿಗೆ ಏಳು. ನೀನು ಕುಡಿಯೋದು ನೀರಿನ ವೇಷ ಹಾಕಿದ ಬೆಣ್ಣೆ ಕಣೋ. ಅದಕ್ಕೆ ಬೆಣ್ಣೆಗಿರೋ ರುಚಿನೂ ಇಲ್ಲ. ಮೈಗೆ ಬಲ ಕೊಡಲ್ಲ, ಬರೀ ಬಾಯಿಗೆ ಕೊಡತ್ತೆ. ಜೊತೆಗೆ ಉಪ್ಪಲ್ಲಿ ಹೊರಳಾಡಿಸಿದ ಕಡಲೆ ಪೊಟ್ಟಣ. ಊಟ?… ಬಿಟ್ಟಿಲ್ಲ. ನಡಿಗೆ?… ವ್ಯಾನಿಂದ ಅಂಗಡಿ ಬಾಗಿಲವರೆಗೆ. ಹುಡುಗರು ಮೂಟೆ ಇಳಿಸಿದ್ರೆ ಅದೂ ಇಲ್ಲ.

ಒಳಗೆ ಹೋಗೋದು ಬೆಟ್ಟ. ಸೊಂಟ ಮಾತ್ರ ಇಳಿದಿದೆ. ಇದು ಯಾವ ಊರ ಲೆಕ್ಕ?

ಇದು ನಾಲ್ಕನೇ ಲೋಟ. ನೋಡ್ತಾ ಇದೀನಿ. ಬಂದು ಅರ್ಧ ಗಂಟೆ ಆಗಿಲ್ಲ, ಹೂಜಿ ಬರಿದು. ಎರಡು ಸಲ ಹಿಂದೆ ಹೋಗಿ ಬಂದೆ. ಬಿಸಿಲಾ? ನಾನೂ ಅದೇ ಬಿಸಿಲಲ್ಲಿ ಕೂತಿದೀನಿ, ಇಸ್ತ್ರಿ ಪೆಟ್ಟಿಗೆ ಪಕ್ಕ. ನಾನು ಕುಡಿದಿದ್ದು ಅರ್ಧ ಲೋಟ.

ಸಿಸ್ಟರು ಹೇಳಿದಾರೆ ಕಣೋ. ತಡೀಲಾರದ ದಾಹ, ಮತ್ತೆ ಮತ್ತೆ ಉಚ್ಚೆ, ತಿಂದ್ರೂ ಮೈ ತಾನಾಗೇ ಇಳಿಯೋದು. ಈ ಮೂರು ಒಟ್ಟಿಗೆ ಬಂದ್ರೆ ಪುಡಿಗೆ ಕೈ ಮುಗೀಬೇಡಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ ಅಂತ. ಸಕ್ಕರೆ ಕಾಯಿಲೆ ಇರಬಹುದು. ಬೇರೆ ಏನಾದ್ರೂ ಇರಬಹುದು. ಏನೂ ಇಲ್ದೆನೂ ಇರಬಹುದು. ನಾನು ದರ್ಜಿ, ನನಗೇನು ಗೊತ್ತು? ನನಗೆ ಗೊತ್ತಿರೋದು ಇಂಚು. ಮೈ ಬೆವರಿಳಿಸಿ ಕರಗಿಸಿದೋನ ಸೊಂಟ ಬೇರೆ ಥರ ಇಳಿಯತ್ತೆ. ಸುಮ್ನೆ ಕೂತೋನ ಸೊಂಟ ನಾಲ್ಕು ಇಂಚು ಇಳಿದ್ರೆ… ಅದನ್ನ ನಾನು ಒಂದು ಸಲ ನೋಡಿದೀನಿ.

ಇವತ್ತು ಗುರುವಾರ. ಒಂದು ಗಂಟೆವರೆಗೆ ಕೇಂದ್ರ ತೆಗೆದಿರತ್ತೆ. ನಡಿ. ಹನ್ನೊಂದೂಕಾಲು ಈಗ.

ನಾಳೆ ಅನ್ನಬೇಡ. ಲೋಡ್ ಇದ್ರೆ ಇರ್ಲಿ. ಯಾಕೆ ನಗ್ತೀಯ? ನಾನು ಬಸುರಿಯರ ಜೊತೆ ಕೂತು ಕೆಟ್ಟೆ, ಅಲ್ವಾ? ಇರಬಹುದು. ಬಾ… ಕೈ ಮುಗೀತೀನಿ, ಬಾರೋ.

ಏನು? ಯಾರನ್ನ ನೋಡಿದೀನಿ ಅಂದ್ರೆ…

ಅಕ್ಕ ಇಳಿದೇ ಇರ್ಲಿಲ್ಲ, ಅಂತೀಯಾ. ಹೂಂ. ಅವತ್ತು ಆಸ್ಪತ್ರೇಲಿ ನೀನೂ ಪಕ್ಕದಲ್ಲೇ ಇದ್ದೆ. ಡಾಕ್ಟ್ರು ಕೇಳಿದ್ರು, ಹೊಟ್ಟೇಲಿ ಗಡ್ಡೆ ಬೆಳೆದು ತಿಂಗಳುಗಟ್ಟಲೆ ಆಗಿದೆ, ಆರು ತಿಂಗಳು ಮೊದಲೇ ಯಾಕೆ ಕರ್ಕೊಂಡು ಬರ್ಲಿಲ್ಲ, ಬಟ್ಟೆ ಸಡಿಲ ಆಗಿದ್ದು ಯಾರೂ ನೋಡ್ಲಿಲ್ವಾ? ನಾನಂದೆ, ಇಲ್ಲ ಡಾಕ್ಟ್ರೇ, ಅವಳ ಬಟ್ಟೆ ಯಾವತ್ತೂ ಸಡಿಲ ಆಗ್ಲಿಲ್ಲ.

ಅದು ಸುಳ್ಳಲ್ಲ.

ಆಗಿರ್ಲಿಲ್ಲ. ಫ್ಯಾಕ್ಟರಿ ನೀಲಿ ಕೋಟು, ಮನೆ ಬಟ್ಟೆ, ಒಳಗಿನದ್ದು, ಹೊರಗಿನದ್ದು. ಒಂದೂ ಜೋಲ್ತಿರ್ಲಿಲ್ಲ. ಆಸ್ಪತ್ರೆಗೆ ಹೋದ ದಿನಾನೂ ಮೈಗೆ ಅಚ್ಚು ಹಾಕಿದ ಹಾಗೆ ಕೂತಿತ್ತು ಕೋಟು. ನೀನೇ ಅಂದಿದ್ದೆ, ಅಕ್ಕ ಹಾಗೇ ಇದಾಳಲ್ಲ ಭಾವ ಅಂತ…

ಇರ್ತಾಳೆ. ಗಂಡ ದರ್ಜಿ.

…

ಏಳಬೇಡ, ಪೂರ್ತಿ ಕೇಳು.

ಹಾಗೆ ನೋಡಬೇಡ. ಲೋಟ ಕೆಳಗಿಡು.

ಕೋಟಲ್ಲಿ ಮೊದಲನೇ ಅರ್ಧ ಇಂಚು ಅವಳೇ ಹೇಳಿ ಹಿಡಿಸಿದ್ದು. ಪುಡಿ ಕೆಲಸ ಮಾಡ್ತಿದೆ ಅಂತ ಕುಣಿದ್ಲು. ಇದೇ ಕನ್ನಡಿ ಮುಂದೆ. ನಾನೂ ಖುಷಿ ಪಟ್ಟೆ. ಹುಡುಗಿ ಹಾಗೆ ಕಾಣ್ತೀಯ ಅಂದೆ, ಬೈಸ್ಕೊಂಡೆ. ಎರಡು ವಾರಕ್ಕೆ ಮತ್ತೆ ಸಡಿಲ. ಆಗ ಪುಡಿ ನಿಲ್ಲಿಸಿದ್ಲು. ನಿನಗೆ ಗೊತ್ತಿಲ್ಲ ಅದು. ಒಂದು ಡಬ್ಬೀನೂ ಮುಗಿಸ್ಲಿಲ್ಲ ಅವಳು. ನಿಲ್ಲಿಸಿದ ಮೇಲೂ ಇಳೀತಾ ಹೋದ್ಲು. ಒಂದು ದಿನ ಕೋಟು ಹಾಕ್ಕೊಂಡು, ಎರಡೂ ಪಕ್ಕ ಹೀಗೆ ಹಿಡಿದು, ಯಾಕ್ರೀ ಇದು ಹೀಗೆ ಜೋಲತ್ತೆ ಅಂದ್ಲು. ಮುಖ ಬಿಳುಚಿಕೊಂಡಿತ್ತು. ಅವಳಿಗೆ ಭಯ ಆಗಿತ್ತು ಕಣೋ. ನಿಮ್ಮಕ್ಕನಿಗೆ. ನಾಯಿಗೆ ಹೆದರದೋಳಿಗೆ.

ನನಗೂ ಆಯ್ತು.

ಒಗೆದೂ ಒಗೆದೂ ಬಟ್ಟೆ ಹಿಗ್ಗಿದೆ ಅಂದೆ. ಅವಳು ನಂಬಿದ್ಲು. ಮೂವತ್ತು ವರ್ಷ ಹೊಲಿದ ದರ್ಜಿ ಹೇಳಿದ್ರೆ ನಂಬದೆ ಏನು? ಅವಳು ಕೆಲಸಕ್ಕೆ ಹೋದ್ಮೇಲೆ ಉಳಿದ ಬಟ್ಟೆ ಎಲ್ಲಾ ತಂದು ಈ ಮೆಷಿನ್ನಲ್ಲೇ ಹಿಡಿದು ಹೊಲಿದೆ. ಆ ಪಕ್ಕ ಕಾಲಿಂಚು, ಈ ಪಕ್ಕ ಕಾಲಿಂಚು. ಭಾನುವಾರ ಕೋಟು. ಹಳೇ ಹೊಲಿಗೆ ಬಿಚ್ಚಿ, ಗುರುತು ಕಾಣದ ಹಾಗೆ ಇಸ್ತ್ರಿ ಎಳೆದೆ. ಮಾರನೇ ದಿನ ಹಾಕ್ಕೊಂಡು, ನೋಡಿ ಸರಿಯಾಗೇ ಇದೆ, ಇಳಿದಿಲ್ಲ ನಾನು ಅಂದ್ಲು. ನಕ್ಕೊಂಡು ಹೋದ್ಲು. ಆ ನಗು ನೋಡೋಕೆ ಮುಂದಿನ ವಾರನೂ ಹಿಡಿದೆ. ಅದರ ಮುಂದಿನ ವಾರನೂ. ನಾಳೆ ಸರಿಹೋಗತ್ತೆ, ನಾಡಿದ್ದು ಸರಿಹೋಗತ್ತೆ ಅಂತ… ಆರು ತಿಂಗಳು.

ಬೈಯೋ. ಕಪಾಳಕ್ಕೆ ಒಂದು ಹೊಡಿ. ಡಬ್ಬಿ ಎತ್ತಿ ತಲೆ ಮೇಲೆ ಹಾಕು. ಗಂಜಿ ತಾನೆ, ಒಳಗಿರೋದು.

ಅಳ್ತಿದೀಯಾ? ಅಳಬೇಡ. ಅಳು, ಬೇಕಾದ್ರೆ.

ಪುಡಿ ಏನೂ ಮಾಡ್ಲಿಲ್ಲ. ನೀನೂ ಏನೂ ಮಾಡ್ಲಿಲ್ಲ. ಒಂದು ವರ್ಷ ನಿನ್ನ ತಲೆಗೆ ಕಟ್ಟಿದೆ, ನನ್ನ ತಲೆ ಹಗುರ ಆಗ್ಲಿ ಅಂತ. ಆಗ್ಲಿಲ್ಲ. ನೀನು ಕುಡಿದು ತೋರಿಸೋದು ಏನೂ ಉಳಿದಿಲ್ಲ ಕಣೋ. ಗೆದ್ದೆ. ಆಯ್ತಾ? ಗೆದ್ದೆ ನೀನು. ಈಗ ಎದ್ದೇಳು.

ಪ್ಯಾಂಟು ಹಿಡಿಯಲ್ಲ ನಾನು. ದಾರ ಹಾಕಿದ್ದು ಹಾಕಿದ ಹಾಗೇ ಇರ್ಲಿ. ಬೆಲ್ಟೂ ಕೊಡಲ್ಲ, ಇಲ್ಲೇ ಇರತ್ತೆ. ಜಾರ್ಲಿ. ಒಂದು ಕೈಲಿ ಹಿಡ್ಕೊಂಡು ನಡಿ. ವ್ಯಾನ್ ಬೇಡ, ನಡ್ಕೊಂಡೇ ಹೋಗೋಣ, ಪೂರ್ತಿ ಬೀದಿ ದಾಟ್ಕೊಂಡು. ಕ್ಷೌರದೋನು ಕೇಳ್ಲಿ, ಹಾಲಿನೋಳು ಕೇಳ್ಲಿ, ಏನಯ್ಯಾ ಇಷ್ಟು ಇಳಿದುಹೋಗಿದೀಯ ಅಂತ. ನೋಡಿದೋರೆಲ್ಲ ಕೇಳ್ಲಿ.

ನಿಮ್ಮಕ್ಕನ್ನ ಒಬ್ಬರೂ ಕೇಳ್ಲಿಲ್ಲ. ಕೇಳೋ ಹಾಗೆ ನಾನು ಬಿಡ್ಲಿಲ್ಲ.