ಜವರನ ಹೊಲ

ಸಮುದ್ರದಾಚೆಯ ದೇಶಗಳಲ್ಲಿ ಈಗ ಒಂದು ದೊಡ್ಡ ವಾದ ನಡೆಯುತ್ತಿದೆ. ಹಿಂದೆ ಕಪ್ಪು ಜನರನ್ನು ಹಡಗಿನಲ್ಲಿ ತುಂಬಿಕೊಂಡು ಹೋಗಿ, ದನ ಮಾರಿದ ಹಾಗೆ ಮಾರಿ, ತಲೆಮಾರುಗಟ್ಟಲೆ ದುಡಿಸಿಕೊಂಡರಲ್ಲ, ಅವರ ಮೊಮ್ಮಕ್ಕಳು ಕೇಳುತ್ತಿದ್ದಾರೆ: ‘ನಮ್ಮ ಹಿರಿಯರ ಬೆವರಿಗೆ ಏನು ಕೊಡುತ್ತೀರಿ?’ ನಾವು ಅದನ್ನು ಟೀವಿಯಲ್ಲಿ ನೋಡಿ ತಲೆ ಆಡಿಸುತ್ತೇವೆ. ‘ಕೊಡಲೇಬೇಕು ಬಿಡಿ, ಎಂಥ ಅನ್ಯಾಯ’ ಅನ್ನುತ್ತೇವೆ. ಅನ್ನುವುದಕ್ಕೆ ನಮಗೇನು ಖರ್ಚು? ಹೊಳೆಯ ಆಚೆ ದಡದ ಕಳ್ಳನಿಗೆ ಈಚೆ ದಡದಲ್ಲಿ ಕೂತು ತೀರ್ಪು ಕೊಡುವುದು ಬಹಳ ಸುಲಭ. ಅದಕ್ಕೇ ಇವತ್ತು ಈಚೆ ದಡದ ಕಥೆಯೊಂದನ್ನು ಹೇಳುತ್ತೇನೆ. ಕೇಳಿ.

ಒಂದು ಊರು ಅಂತಿಟ್ಟುಕೊಳ್ಳಿ. ಆ ಊರಿಗೊಬ್ಬ ಸ್ಥಿತಿವಂತ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ‘ಓ, ಅವನಾ’ ಅಂದುಕೊಂಡು ಕಾಲು ಚಾಚಿ ಆರಾಮವಾಗಿ ಕೂತುಬಿಡುತ್ತೀರಿ. ಊರಿನವರು ಅವನನ್ನು ಗೌಡರು ಅನ್ನುತ್ತಿದ್ದರು, ನಾವೂ ಹಾಗೇ ಅನ್ನೋಣ. ಕೆಟ್ಟವನಲ್ಲ, ನೋಡಿ. ಕೂಲಿ ತಡಮಾಡಿದವನಲ್ಲ, ಆಳುಕಾಳಿನ ಮೇಲೆ ಕೈ ಎತ್ತಿದವನಲ್ಲ, ಹಬ್ಬ ಬಂದರೆ ಕೇರಿಯವರಿಗೂ ಹೋಳಿಗೆ ಕಳಿಸಿದವನು. ಕೆಟ್ಟವನ ಕಥೆಯಾಗಿದ್ದರೆ ನಮಗೆ ಕೆಲಸವೇ ಇರುತ್ತಿರಲಿಲ್ಲ, ಬೈದು ಎದ್ದು ಹೋಗಬಹುದಿತ್ತು. ಒಳ್ಳೆಯವನ ಕಥೆ ಇದು. ಅದಕ್ಕೇ ಕಷ್ಟ.

ಗೌಡನ ಮಗನಿಗೆ ಮದುವೆಯಾಗಿ ಪಟ್ಟಣದ ಹುಡುಗಿ ಸೊಸೆಯಾಗಿ ಬಂದಳು. ಮನೆಯವರೆಲ್ಲ ಊಟಕ್ಕೆ ಕೂತಿದ್ದಾಗ ಗೌಡ ಮಗನಿಗೆ ಎಂದಿನಂತೆ ಹೇಳಿದ: “ನಾಳೆ ಜವರನ ಹೊಲ್ದಲ್ಲಿ ಕಳೆ ತೆಗೆಸ್ಬೇಕು ಕಣೋ. ಸಣ್ಣತಾಯಿಗೆ ಹೇಳ್ಕಳ್ಸು.”

ಬಡಿಸುತ್ತಿದ್ದ ಸೊಸೆ ಕೇಳಿದಳು: “ಮಾವ, ದಿನಾ ಜವರನ ಹೊಲ, ಜವರನ ಹೊಲ ಅಂತೀರಲ್ಲ, ಜವರ ಅಂದ್ರೆ ನಿಮ್ಮ ತಾತನವರಾ?”

ಅಯ್ಯೋ, ಅಲ್ಲಿ ನಗು ನೋಡಬೇಕಿತ್ತು! ಅತ್ತೆಗೆ ನಕ್ಕು ನಕ್ಕು ನೆತ್ತಿಗೆ ಹತ್ತಿತು. “ನಮ್ಮ ತಾತನ ಹೆಸರು ಜವರ ಅಂತ ಇಟ್ಟಾರೇನೆ? ಅವನು ಜೀತದೋನು ಕಣವ್ವಾ.” ಹುಡುಗಿ ನಗಲಿಲ್ಲ. ಸಾರಿನ ಸೌಟು ಹಿಡಿದುಕೊಂಡೇ ಇನ್ನೊಂದು ಮಾತು ಕೇಳಿದಳು: “ಹಂಗಾದ್ರೆ ಹೊಲಕ್ಕೆ ಅವರ ಹೆಸರು ಯಾಕೆ ಬಂತು?”

ಎಲ್ಲರಿಗೂ ಉತ್ತರ ಗೊತ್ತಿತ್ತು. ಎಲ್ಲರೂ ತಲೆ ತಗ್ಗಿಸಿ ಅನ್ನ ಕಲಸತೊಡಗಿದರು.

ಉತ್ತರ ಏನು? ಬಯಲುಸೀಮೆಯ ಹಳ್ಳಿಗಳಲ್ಲಿ ಹೊಲಗಳಿಗೆ ಹೆಸರು ಬರುವ ರೀತಿ ನಿಮಗೆ ಗೊತ್ತೇ ಇದೆ. ಯಾರು ಆ ನೆಲದ ಕಳ್ಳಿ ಕಡಿದರೋ, ಕಲ್ಲು ಆಯ್ದರೋ, ಅವರ ಹೆಸರೇ ಅದಕ್ಕೆ ಅಂಟಿಕೊಳ್ಳುತ್ತದೆ. ಜವರನ ಅಪ್ಪ ಒಂದು ಬರಗಾಲದಲ್ಲಿ ಗೌಡನ ತಾತನ ಮನೆಯಿಂದ ರಾಗಿ ತಂದಿದ್ದ. ಆ ರಾಗಿಗಾಗಿ ಮಗನನ್ನು ಜೀತಕ್ಕೆ ಬಿಟ್ಟ. ಜವರ ಕೈಗೆ ಗೋಣಿಯ ಚಿಂದಿ ಸುತ್ತಿಕೊಂಡು ಆ ಕಲ್ಲುಗುಡ್ಡೆಯನ್ನು ಹೊಲ ಮಾಡಿದ. ಅವನಾದ ಮೇಲೆ ಅವನ ಮಗನೂ ಅಲ್ಲೇ ದುಡಿದ. ತಂದ ರಾಗಿ ಒಂದು ಬೇಸಿಗೆಗೆ ಮುಗಿದಿತ್ತು. ಜೀತ ಮುಗಿಯಲಿಲ್ಲ. ಕಡೆಗೆ ಸರ್ಕಾರ ಕಾನೂನು ತಂದಾಗ ಗೌಡನ ಅಪ್ಪ, “ಹೋಗ್ರಪ್ಪಾ, ಇನ್ಮೇಲೆ ನೀವು ಸ್ವತಂತ್ರ” ಅಂದು ಕಳಿಸಿದ. ಅವರು ಹೆಗಲ ಮೇಲೊಂದು ಕಂಬಳಿ ಹಾಕಿಕೊಂಡು ಹೋದರು. ಹೊಲ ಇಲ್ಲೇ ಉಳಿಯಿತು.

ಈಗ ಜವರನ ಮೊಮ್ಮಗಳು ಸಣ್ಣತಾಯಿ ಅದೇ ಹೊಲಕ್ಕೆ ಕೂಲಿಗೆ ಬರುತ್ತಾಳೆ. ಅವಳ ತಾತನ ಹೆಸರಿನ ಹೊಲಕ್ಕೆ. ನೋಡಿ, ಅನ್ಯಾಯವನ್ನು ಮುಚ್ಚಿಡುವುದಕ್ಕೂ ನಮಗೆ ಬಂದಿಲ್ಲ. ಬಾಯಿ ದಿನಕ್ಕೆ ಹತ್ತು ಸಲ ನಿಜ ಹೇಳುತ್ತದೆ, ಕಿವಿ ಮಾತ್ರ ಕೇಳಿಸಿಕೊಳ್ಳುವುದಿಲ್ಲ.

ಗೌಡನ ಕಿವಿಗೆ ಅವತ್ತು ಕೇಳಿಸಿತು. ಅಲ್ಲಿಂದ ಅವನ ಪಾಡು ಹೇಳತೀರದು. ‘ಜವರನ’ ಅನ್ನುವಾಗ ನಾಲಿಗೆ ತೊಡರಿತು. ಹೊಲದ ಬದುವಿನ ಮೇಲೆ ನಡೆದರೆ ಪ್ರತಿ ಕಲ್ಲೂ ಯಾರೋ ಎತ್ತಿಟ್ಟ ಕಲ್ಲು ಅನಿಸಿತು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. “ಏನಾಗದೆ ನಿಮಗೆ, ಪಿತ್ತವಾ?” ಅಂತ ಹೆಂಡತಿ ಜೀರಿಗೆ ಕಷಾಯ ಮಾಡಿಕೊಟ್ಟಳು. ಪಿತ್ತವಾಗಿದ್ದರೆ ಇಳಿಯುತ್ತಿತ್ತು.

ಆಗ ಅವನೇನು ಮಾಡಿದ? ನೀವೂ ನಾನೂ ಮಾಡುವುದನ್ನೇ ಮಾಡಿದ. ಹೆಸರು ಬದಲಿಸಿದ! ‘ಶ್ರೀನಿಧಿ ಫಾರಂ’ ಅಂತ ಬಣ್ಣದ ಬೋರ್ಡು ಬರೆಸಿ ಹೊಲದ ಮುಂದೆ ನೆಡಿಸಿದ. ಮಾರನೆಯ ದಿನ ಕೂಲಿಗೆ ಬಂದ ಹೆಂಗಸೊಬ್ಬಳು ದಾರಿಯಲ್ಲಿ ಕೇಳಿದಳು: “ಶ್ರೀನಿಧಿ ಫಾರಂ ಅಂದ್ರೆ ಎಲ್ಲವ್ವಾ ಬರೋದು?” ಇನ್ನೊಬ್ಬಳು ಅಂದಳು: “ಅದೇ ಕಣೇ, ಜವರನ ಹೊಲ!”

ಬೋರ್ಡಿನಿಂದ ಆಗದಿದ್ದಾಗ ಸನ್ಮಾನಕ್ಕೆ ಕೈಹಾಕಿದ. ನಮಗೆ ಸನ್ಮಾನ ಅಂದರೆ ಎಲ್ಲ ಕಾಯಿಲೆಗೂ ಒಂದೇ ಗುಳಿಗೆ ಅಲ್ಲವೇ? ಊರಿನ ಸಭೆಯಲ್ಲಿ ಸಣ್ಣತಾಯಿಯನ್ನು ಕರೆದು, ‘ಶ್ರಮಜೀವಿಯ ಕುಟುಂಬ’ ಅಂದು ಹೊಗಳಿ, ಜರಿಯ ಶಾಲು ಹೊದಿಸಿದ. ಚಪ್ಪಾಳೆ ಬಿತ್ತು, ಫೋಟೋ ಆಯಿತು. ಮರುದಿನ ಅವಳು ಹೊಲದಲ್ಲಿ ಬಗ್ಗಿ ಕಳೆ ಕೀಳುತ್ತಿದ್ದಾಗ ಇವನು ಮೆಲ್ಲಗೆ ಹೋಗಿ ಕೇಳಿದ:

“ಶಾಲು ಚೆನ್ನಾಗಿತ್ತಾ ಸಣ್ಣತಾಯಿ?”

“ಚೆಂದಾಗದೆ ಗೌಡ್ರೆ. ನಮ್ತಾತ ಇದ್ದಾಗ ಕೊಟ್ಟಿದ್ರೆ ತಲೆಗೆ ಸಿಂಬಿ ಸುತ್ಕಂಡು ಕಲ್ಲಾದ್ರೂ ಹೊರೋನು.”

ಅಷ್ಟೇ ಅಂದು ಅವಳು ಮುಂದಿನ ಸಾಲಿಗೆ ಸರಿದಳು. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೇನೋ. ಬೈಯಲಿಲ್ಲ.

ಹೊಲವನ್ನೇ ಕೊಟ್ಟುಬಿಡಬೇಕು ಅನ್ನುವ ಮಾತು ಅವನ ಬಾಯಿಂದ ಮೊದಲ ಸಲ ಹೊರಟಿದ್ದು ಭಾವಮೈದುನನ ಮುಂದೆ. ಆ ಭಾವಮೈದುನ ಲೋಕ ಕಂಡವನು, ಮಾತಿನಲ್ಲಿ ಗಟ್ಟಿಗ.

“ಭಾವ, ನಿಮಗೆ ತಲೆ ನೆಟ್ಟಗದಾ? ದುಡಿಸ್ಕೊಂಡೋರು ಸತ್ತೋದ್ರು. ದುಡ್ದೋನೂ ಸತ್ತೋದ. ನೀವು ಯಾರನ್ನೂ ಜೀತಕ್ಕಿಟ್ಕೊಂಡಿಲ್ಲ, ಆ ಹೆಂಗ್ಸು ಯಾರಿಗೂ ಜೀತ ಮಾಡಿಲ್ಲ. ನಡುವೆ ನಿಮಗ್ಯಾಕೆ ಹೊಟ್ಟೆನೋವು?”

ಗೌಡ ಅಂದ: “ಅವರೂ ಸತ್ರು, ಇವನೂ ಸತ್ತ. ಹೊಲ ಸತ್ತಿಲ್ವಲ್ಲೋ.”

ಸುದ್ದಿ ಊರಿಗೆ ಹಬ್ಬಿತು. ಸಂಜೆ ಪಕ್ಕದ ಹೊಲದ ಯಜಮಾನ ಬಂದು ಜಗಲಿಯ ಮೇಲೆ ಕೂತ. ಕೊಟ್ಟ ಕಾಫಿ ಮುಟ್ಟಲಿಲ್ಲ.

“ನೀನು ಧರ್ಮರಾಯ ಆಗೋದಾದ್ರೆ ಆಗಪ್ಪ, ಬೇಡ ಅನ್ನಲ್ಲ. ನಂದು ಕುಳ್ಳೀರಿ ಗದ್ದೆ. ಆ ಕಡೆಯವನದು ಬೋರನ ತಿಟ್ಟು. ಎಲ್ಲಾ ಜೀತದೋರ ಹೆಸ್ರೇ. ಇಡೀ ಊರಲ್ಲಿ ನಮ್ಮ ಹೆಸರಿನ ಹೊಲ ಒಂದಾದ್ರೂ ಅದಾ? ನೀನೊಬ್ಬ ಬಾಗ್ಲು ತೆಗೆದ್ರೆ ನಾಳೆ ನಮ್ಮೆಲ್ಲರ ಬಾಗ್ಲಲ್ಲೂ ಜನ ನಿಂತ್ಕತಾರೆ. ಗೊತ್ತಾಯ್ತಾ?”

ಗೊತ್ತಾಯಿತು. ಭಯವೂ ಆಯಿತು. ಸುಳ್ಳೇಕೆ? ಒಳ್ಳೆಯ ಕೆಲಸ ಮಾಡಹೊರಟವನಿಗೆ ಪಾಪಕ್ಕಿಂತ ಪಕ್ಕದ ಮನೆಯವನ ಭಯವೇ ಹೆಚ್ಚು. ಭಯ ಬಂದಾಗ ಮನುಷ್ಯ ಲೆಕ್ಕಾಚಾರಕ್ಕಿಳಿಯುತ್ತಾನೆ. ಎಲ್ಲ ಯಾಕೆ ಕೊಡಬೇಕು, ಮೇಲಿನ ಮೂಲೆ ಕೊಟ್ಟರಾಯಿತು ಅಂದುಕೊಂಡ. ಮೇಲಿನ ಮೂಲೆ ಅಂದರೆ ನೀರು ಹತ್ತದ, ಗುದ್ದಲಿ ಇಳಿಯದ ಜಾಗ. ತಾತ ಒಡೆಯಲಾಗದೆ ಬಿಟ್ಟ ಬಂಡೆಯನ್ನು ಮೊಮ್ಮಗಳಿಗೆ ಕೊಡುವ ಯೋಚನೆ ನೋಡಿ!

ಸಣ್ಣತಾಯಿಯನ್ನು ಮನೆಗೆ ಹೇಳಿಕಳಿಸಿದ. ಅವಳು ಬರಲಿಲ್ಲ. “ಕೂಲಿ ಮಾತಾದ್ರೆ ಹೊಲದತ್ರ ಆಡೋಣ, ಬೇರೆ ಮಾತಾದ್ರೆ ಅವರೇ ಬರ್ಲಿ” ಅಂದಳಂತೆ. ಗೌಡ ಹುಟ್ಟಿದ ಮೇಲೆ ಮೊದಲ ಸಲ ಕೇರಿಯ ಒಂದು ಮನೆಯ ಬಾಗಿಲಿಗೆ ಹೋಗಿ ನಿಂತ. ಹೋಳಿಗೆ ಕಳಿಸಿದ್ದ ಅಂದೆನಲ್ಲ, ಹೋಳಿಗೆ ಹೋಗಿತ್ತು, ಅವನು ಹೋಗಿರಲಿಲ್ಲ.

ಅವಳು ಚಾಪೆ ಹಾಸಿದಳು. ಕೂತ. ನೀರು ಕೊಟ್ಟಳು. ಚೊಂಬು ಕೈಯಲ್ಲಿ ಹಿಡಿದು ಅವನು ಒಂದು ಗಳಿಗೆ ತಡೆದ. ಅವಳು ಆ ಗಳಿಗೆಯನ್ನು ನೋಡಿದಳು. ಅವಳು ನೋಡಿದ್ದು ಅವನಿಗೆ ತಿಳಿಯಿತು. ಗಟಗಟ ಕುಡಿದ. ಆಮೇಲೆ ಮೇಲಿನ ಮೂಲೆಯ ಮಾತು ಎತ್ತಿದ.

“ಬಂಡೆಯಾ ಗೌಡ್ರೆ? ಅದ್ರ ಮ್ಯಾಲೆ ಬಟ್ಟೆ ಒಣಗಾಕ್ಬೋದು.”

“ಹೋಗ್ಲಿ, ಇಡೀ ಹೊಲಾನೇ ತಗೋ ತಾಯಿ. ನನ್ನ ಮನಸ್ಸಿಗೆ ನೆಮ್ಮದಿ ಆದ್ರೆ ಸಾಕು. ಒಳ್ಳೆ ದಿನ ನೋಡಿ ದಾನ ಮಾಡ್ಬುಡ್ತೀನಿ.”

ಬಾಯಿ ಜಾರಿ ಬಂದ ಮಾತೋ ಏನೋ, ಇಡೀ ಹೊಲ ಅಂದುಬಿಟ್ಟ. ಈಗ ಅವಳು ಕಾಲಿಗೆ ಬೀಳುತ್ತಾಳೆ ಅಂದುಕೊಂಡ. ಅವಳು ಬೀಳಲಿಲ್ಲ. ಎಲೆಗೆ ಸುಣ್ಣ ಸವರುತ್ತ ಕೇಳಿದಳು:

“ದಾನವಾ ಗೌಡ್ರೆ? ಇಲ್ಲಾ, ನಮ್ಮದನ್ನ ನಮಗೆ ಕೊಡ್ತಿರೋದಾ?”

“ಎರಡೂ ಒಂದೇ ಅಲ್ವೇನವ್ವಾ? ಹೊಲ ನಿನ್ನ ಕೈಗೆ ಬಂದ್ರಾಯ್ತಲ್ಲ.”

“ಒಂದೇ ಆಗಿದ್ರೆ ಎರಡ್ನೇದು ಅಂತ್ಲೇ ಅನ್ಬುಡಿ. ನನ್ನತ್ರ ಅಲ್ಲ, ಊರೋರ ಮುಂದೆ. ದಾನ ಅಂದ್ರೆ ನಾಳೆ ನಮ್ ಮಕ್ಳು ನಿಮ್ ಮಕ್ಳ ಮುಂದೆ ತಲೆ ತಗ್ಗಿಸ್ಬೇಕಾಯ್ತದೆ. ನಾವು ತಗ್ಗಿಸಿದ್ದು ಸಾಕು.”

ಇಲ್ಲಿ ಒಂದು ನಿಮಿಷ ನಿಲ್ಲೋಣ. ಹೊಲ ಕೊಡಲು ಸಿದ್ಧನಾಗಿದ್ದ ಮನುಷ್ಯ ಅವನು. ಆದರೆ ಆ ಒಂದು ಮಾತಿಗೆ ಬೆವತುಹೋದ! ಇನ್ನೊಂದು ಹೊಲ ಸೇರಿಸಿ ಕೊಡು ಅಂದಿದ್ದರೂ ಕೊಡುತ್ತಿದ್ದನೇನೋ, ಆ ಮಾತು ಮಾತ್ರ ಬೇಡವಾಗಿತ್ತು. ಯಾಕೆ? ಕೊಟ್ಟರೆ ಅವನು ದಾನಿ. ಆ ಮಾತು ಆಡಿದರೆ ಅವನ ತಾತ ಯಾರಾಗುತ್ತಾನೆ? ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ನಗುತ್ತಿರುವ ಆ ತಾತ ಯಾರಾಗುತ್ತಾನೆ? ಜಮೀನು ಬಿಡಬಹುದು ನೋಡಿ, ತಾತನ ಮಾನ ಬಿಡುವುದು ಕಷ್ಟ. ಜವರನಿಗೂ ಮಾನವಿತ್ತು ಅನ್ನುವುದು ನೆನಪಾಗುವವರೆಗೆ ಕಷ್ಟ.

ಬಹಳ ದಿನ ಅವನು ಅಂಡಲೆದ. ಮಾತನ್ನು ಒಬ್ಬನೇ ಆಡಿ ನೋಡಿದ, ‘ನಮ್ಮ ತಾತ’ ಅನ್ನುವಲ್ಲಿಗೆ ನಿಲ್ಲಿಸಿಬಿಟ್ಟ. ಕೇರಿಯ ದಾರಿ ಬಿಟ್ಟು ಸುತ್ತು ಬಳಸಿ ಓಡಾಡಿದ. ಕಡೆಗೊಂದು ಬೆಳಿಗ್ಗೆ, ಹಾಲಿನ ಡೈರಿಯ ಮುಂದೆ ಊರಿಗೆ ಊರೇ ಕ್ಯಾನು ಹಿಡಿದು ನಿಂತಿರುವ ಹೊತ್ತಿನಲ್ಲಿ, ಅವನ ಬಾಯಿಂದ ಮಾತು ಕುಂಟುತ್ತ ಹೊರಗೆ ಬಂತು: “ಜವರನ ಹೊಲ ನಾನು ದಾನ ಕೊಡ್ತಿಲ್ಲ. ನಮ್ಮ ತಾತ ಅವರತ್ರ ದುಡಿಸ್ಕೊಂಡು ಇಟ್ಕಂಡಿದ್ದು. ತಪ್ಪು. ಅವರದನ್ನ ಅವರಿಗೆ ಬಿಡ್ತಿದೀನಿ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಕ್ಕದ ಹೊಲದ ಯಜಮಾನ ಕ್ಯಾನು ಎತ್ತಿಕೊಂಡು ಹೊರಟುಹೋದ. ಆಮೇಲೆ ನೋಂದಣಿ ಕಚೇರಿಗೆ ಹೋದರೆ ಅಲ್ಲಿ ಆ ಕಾಗದಕ್ಕೆ ದಾನಪತ್ರ ಅಂತಲೇ ಹೆಸರು! ಕಚೇರಿಗೆ ಬೇರೆ ಮಾತು ಬರುವುದಿಲ್ಲ. ಅದಕ್ಕೇ ಅಲ್ಲವೇ ಅವಳು ಬಾಯಲ್ಲಿ ಹೇಳಿ ಅಂದಿದ್ದು?

ಸಣ್ಣತಾಯಿಯ ಜೊತೆ ಕಚೇರಿಯ ಮೆಟ್ಟಿಲು ಇಳಿದು ಬಂದಾಗ ಗೌಡ ನಿಂತ. ಒಂದು ಒಳ್ಳೆಯ ಮಾತಿಗೆ ಕಾದ. ‘ನಿಮ್ಮ ಹೊಟ್ಟೆ ತಣ್ಣಗಿರಲಿ’ ಅಂದರೆ ಸಾಕಿತ್ತು. ಸಣ್ಣತಾಯಿ ಸೆರಗು ಸರಿಮಾಡಿಕೊಂಡು ಅಂದಳು: “ನಾಳೆಯಿಂದ ಕೂಲಿಗೆ ಬೇರೆಯೋರ್ನ ನೋಡ್ಕಳಿ ಗೌಡ್ರೆ. ನಂಗೆ ಹೊಲ್ದಲ್ಲಿ ಕೆಲ್ಸ ಅದೆ.” ಅಂದು ಬಸ್ ಹತ್ತಿದಳು.

ಅವನಿಗೆ ನೆಮ್ಮದಿ ಸಿಕ್ಕಿತೇ? ಇಲ್ಲ. ಸಿಕ್ಕಿತು ಅಂತ ಹೇಳಿದರೆ ನಿಮಗೆ ಖುಷಿಯಾಗುತ್ತದೆ, ಆದರೆ ಸುಳ್ಳಾಗುತ್ತದೆ. ಅವನ ಸಂಕಟ ಪೂರ್ತಿ ಹೋಗಲಿಲ್ಲ. ಜವರ ಬದುಕಿದ್ದಾಗ ಕೊಡಬೇಕಾಗಿತ್ತು, ಅದು ತಪ್ಪಿಹೋಯಿತು. ತಪ್ಪಿದ್ದು ತಪ್ಪಿದ್ದೇ. ಎರವಲು ತಂದ ನೇಗಿಲು ವಾಪಸು ಕೊಟ್ಟು, ‘ನನಗೆ ಕೈ ಮುಗಿ’ ಅಂತ ಯಾರಾದರೂ ನಿಲ್ಲುತ್ತಾರೆಯೇ? ನಾವು ನಿಲ್ಲುತ್ತೇವೆ! ತಡವಾಗಿ ಕೊಟ್ಟು, ಸವೆಸಿ ಕೊಟ್ಟು, ಮೇಲೆ ಆಶೀರ್ವಾದವನ್ನೂ ಕೇಳುತ್ತೇವೆ.

ಈಗ ನಿಮ್ಮ ಸರದಿ. ಯಾಕೆ ಹಾಗೆ ನೆಲ ನೋಡುತ್ತೀರಿ? ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ಹೋಗುವ ಹಾಗಿದೆ, ಕೂತುಕೊಳ್ಳಿ ಯಜಮಾನರೇ, ಮುಗಿಯಿತು. ನಿಮ್ಮ ಹೊಲಕ್ಕೆ, ನಿಮ್ಮ ಬಾವಿಗೆ ಯಾರ ಹೆಸರಿದೆ? ಮನೆಯ ಹಿರಿಯರು ಬದುಕಿರುವಾಗಲೇ ಕೇಳಿ ತಿಳಿದುಕೊಳ್ಳಿ. ಆ ಹೆಸರಿನವರ ಮೊಮ್ಮಕ್ಕಳು ಈಗ ಎಲ್ಲಿದ್ದಾರೆ, ಯಾರ ಮನೆಯಲ್ಲಿ ದುಡಿಯುತ್ತಿದ್ದಾರೆ? ನಮ್ಮ ಮನೆಯಲ್ಲೇ ಅನ್ನುವ ಉತ್ತರ ಬಂದರೆ ಗಾಬರಿಯಾಗಬೇಡಿ. ಗಾಬರಿಯಾದರೂ ಒಳ್ಳೆಯದೇ, ಓಡಬೇಡಿ. ‘ನಾನೇನು ಮಾಡಿದ್ದೇನೆ’ ಅನ್ನುವ ಮಾತನ್ನು ಇವತ್ತೇ ಬಿಡಿ. ನೀವು ಮಾಡಿಲ್ಲ, ಉಣ್ಣುತ್ತಿದ್ದೀರಿ. ನಿಮ್ಮ ಮಕ್ಕಳ ಮುಂದೆ ಅವರ ಮುತ್ತಾತನ ಕಥೆ ಹೇಳುವಾಗ ಪೂರ್ತಿ ಹೇಳಿ, ಕುದುರೆ ಏರಿದ್ದನ್ನಷ್ಟೇ ಹೇಳಬೇಡಿ. ಹೊಲ ಇದ್ದವರು ಹೊಲ ಬಿಡಿ. ಇಲ್ಲದವರು ಆ ಮಕ್ಕಳ ಓದಿಗೆ ನಿಲ್ಲಿ, ಸರಿಯಾದ ಕೂಲಿ ಕೊಡಿ, ನಿಮ್ಮ ಮನೆಯಲ್ಲಿ ಇವತ್ತಿಗೂ ಬೇರೆ ಇಟ್ಟಿರುವ ಆ ಲೋಟವನ್ನು ಎಲ್ಲ ಲೋಟಗಳ ಜೊತೆ ಸೇರಿಸಿ. ಏನೇ ಮಾಡಿದರೂ ಅದಕ್ಕೆ ಸಹಾಯ ಅಂತ ಹೆಸರಿಡಬೇಡಿ.

ನಾಳೆ ಬೆಳಿಗ್ಗೆ ಅವರ ಮನೆಗೆ ಹೋಗಿ. ಅವರನ್ನು ಕರೆಸಿಕೊಳ್ಳಬೇಡಿ, ನೀವೇ ಹೋಗಿ. ಏನು ಕೊಡಬೇಕು ಅಂತ ಇಲ್ಲೇ ತೀರ್ಮಾನ ಮಾಡಿಕೊಂಡು ಹೋಗಬೇಡಿ, ಏನಾಗಬೇಕು ಅಂತ ಅವರನ್ನೇ ಕೇಳಿ. ಹೇಳಿದ್ದನ್ನು ತಡೆಯದೆ ಕೇಳಿಸಿಕೊಳ್ಳಿ. ಬೈದರೆ ಬೈಸಿಕೊಳ್ಳಿ. ಅವರು ಬಾಗಿಲು ತೆಗೆಯದೆ ಹೋದರೆ ಬೇಸರ ಮಾಡಿಕೊಳ್ಳಬೇಡಿ, ಎಷ್ಟೋ ಕಾಲ ನಮ್ಮ ಬಾಗಿಲು ಅವರಿಗೆ ಮುಚ್ಚಿತ್ತು. ನಾಡಿದ್ದು ಮತ್ತೆ ಹೋಗಿ.