ಪೊರೆ ಬಿಡುವ ಸರದಿ

...ಅದನ್ನೆಲ್ಲ ಆಮೇಲೆ ಕೇಳುವೆಯಂತೆ, ಮೊದಲು ಕೂತ್ಕೋ. ಬೂಟು ಬಿಚ್ಚು. ಆ ಗಾಜಿನ ಪೆಟ್ಟಿಗೆ ಎಲ್ಲಿಗೂ ಓಡಿ ಹೋಗಲ್ಲ, ಒಳಗಿರೋ ನಿನ್ನ ಮುದ್ದಿನ ಹಾವೂ ಓಡಿ ಹೋಗಲ್ಲ. ಪೊರೆ ಚೂರು ಚೂರಾಗಿ ಬಂದಿದೆ, ಅರ್ಧ ಮೈಗೇ ಅಂಟಿಕೊಂಡಿದೆ, ತೇವ ತೋರಿಸೋ ಮುಳ್ಳು ತೀರಾ ಕೆಳಗಿಳಿದಿದೆ, 'ದಿನಾ ನೀರು ಚಿಮುಕಿಸು ಅಂತ ಹೇಳಿ ಹೋಗಿದ್ದೆನಲ್ಲ ಅಜ್ಜಿ'... ಇದೇ ತಾನೆ ನಿನ್ನ ತಕರಾರು? ಕೇಳಿಸ್ತು, ನಂಗೇನು ಕಿವುಡಾ. ಉತ್ತರ ಬೇಕಾದ್ರೆ ಒಂದು ಕಥೆ ಕೇಳಬೇಕು.

ಒಂದು ಮನೇಲಿ ಒಬ್ಬಳು ಮುದುಕಿ, ಒಬ್ಬಳು ಮೊಮ್ಮಗಳು ಇದ್ದರಂತೆ. ನಾವಲ್ಲ, ಬೇರೆ ಯಾರೋ. ಯಾಕೆ ನಗ್ತೀಯಾ? ಲೋಕದಲ್ಲಿ ಮುದುಕಿ ಅಂದ್ರೆ ನಾನೊಬ್ಬಳೇನಾ?

ಮೊಮ್ಮಗಳಿಗೆ ಲಿಫ್ಟ್ ರಿಪೇರಿ ಕೆಲಸ. ಸಂಜೆ ಬಂದಳು ಅಂದ್ರೆ ಮೈಯೆಲ್ಲ ಗ್ರೀಸ್ ವಾಸನೆ. ಬಂದವಳೇ ಬ್ಯಾಗು ಕೂಡ ಇಳಿಸದೆ ಮುದುಕಿಯ ಪಾದಕ್ಕೆ ಹಿಂಗೈ ಮುಟ್ಟಿಸಿ ನೋಡೋಳು. ತಣ್ಣಗಿದ್ರೆ ಬಿಸಿನೀರಿನ ಚೀಲ ತಂದು ಕಾಲಡಿ ಇಡೋಳು. ಮುದುಕಿ ಮಧ್ಯಾಹ್ನದಿಂದಲೇ ಕಾಲು ನೆಲದ ಮೇಲೆ ಇಟ್ಕೊಂಡು ಕೂತಿರ್ತಿದ್ದಳು, ತಣ್ಣಗಾಗಲಿ ಅಂತ. ಹೂಂ, ಬೇಕಂತಲೇ. ಅಷ್ಟೂ ಗೊತ್ತಾಗಲಿಲ್ವಾ ನಿನಗೆ... ಅವಳಿಗೆ, ಆ ಮೊಮ್ಮಗಳಿಗೆ?

ಹೀಗಿರುವಾಗ, ಅವಳು ಲಿಫ್ಟ್ ಸರಿಮಾಡೋಕೆ ಹೋಗಿದ್ದ ಮನೆಯವರು ಊರು ಬಿಡ್ತಾ ಇದ್ರು. ಸಾಕೋಕೆ ಆಗಲ್ಲ, ನೀನಿಟ್ಕೋ ಅಂತ ಒಂದು ಹಾವು ಕೊಟ್ಟರು. ಹೆಣ್ಣಂತೆ. ವಿಷ ಇಲ್ಲವಂತೆ. ಸಾಧು ಅಂತೆ. ಎಲ್ಲಾ ಅಂತೆ.

ಶುರುವಾಯ್ತು ನೋಡು ಉಪಚಾರ. ಮೊದಲು ಮೇಲೊಂದು ಬಲ್ಬು ಕಟ್ಟಿದಳು. ಒಳಗಿನ ಗಾಳಿ ಒಣಗುತ್ತೆ ಅಂತ ಕಿತ್ತಳು. ಆಮೇಲೆ ಪೆಟ್ಟಿಗೆಯ ಒಂದು ಪಕ್ಕದ ಅಡಿಗೆ ಮಾತ್ರ ಬಿಸಿಯಾಗೋ ಹಾಳೆ ಅಂಟಿಸಿದಳು. ಇನ್ನೊಂದು ಪಕ್ಕ ತಣ್ಣಗೇ ಇರಬೇಕಂತೆ. ಮಹಾರಾಣಿಗೆ ಚಳಿ ಅನ್ನಿಸಿದ್ರೆ ಈ ಕಡೆ, ಸೆಕೆ ಅನ್ನಿಸಿದ್ರೆ ಆ ಕಡೆ. ಶಾಖ ಹೆಚ್ಚಾದ್ರೆ ತಾನೇ ಆರಿಸೋ ಯಂತ್ರ ಒಂದು. ಬಿಸಿ ನೋಡೋಕೊಂದು ಮುಳ್ಳು, ತೇವ ನೋಡೋಕೊಂದು ಮುಳ್ಳು. ಪೊರೆ ಬಿಡೋವಾಗ ನುಸುಳೋಕೆ ಒದ್ದೆ ಪಾಚಿ ತುಂಬಿದ ಡಬ್ಬ ಬೇರೆ. ಮುದುಕಿ ಮಲಗೋ ಕೋಣೆಗೆ ಇದ್ದಿದ್ದು ಒಂದೇ ಪಕ್ಕ, ತಣ್ಣನೆ ಪಕ್ಕ.

ನಗು, ನಗು. ಮುದುಕಿಗೆ ನಗು ಬರಲಿಲ್ಲ. ಸಂಜೆ ಆ ಹಿಂಗೈ ಮೊದಲು ಗಾಜಿಗೆ ಹೋಗೋಕೆ ಶುರುವಾಯ್ತು. ಮುದುಕಿ ಪಾದ ಎರಡನೇದು. ಒಂದೊಂದು ದಿನ ಎರಡನೇದೂ ಅಲ್ಲ.

ಒಂದು ದಿನ ಮೊಮ್ಮಗಳು ಫೋನಲ್ಲಿ ಗೆಳತಿ ಹತ್ರ ಮಾತಾಡ್ತಿದ್ದಳು. 'ಪಾಪ ಕಣೇ, ಅವಳ ಕಣ್ಣಿಗೆ ಪೊರೆ ಬಂದಿದೆ. ಸರಿಯಾಗಿ ಕಾಣ್ತಾ ಇಲ್ಲ. ಊಟ ಬಿಟ್ಟು ಮೂಲೆ ಹಿಡಿದಿದಾಳೆ. ನಾಳೆ ರಜೆ ಹಾಕಿ ನಾನೇ ನೋಡ್ಕೋತೀನಿ.' ಗೋಡೆ ಆಚೆ ಮುದುಕಿ ಕೇಳಿಸಿಕೊಂಡಳು. ಎದೆ ಅರಳಿ ಹೋಯ್ತು. ಹೇಗೆ ಗೊತ್ತಾಯ್ತಪ್ಪ ಇವಳಿಗೆ, ನಾನು ಬಾಯಿ ಬಿಟ್ಟಿಲ್ಲವಲ್ಲ ಅಂತ... ಅಂದ್ರೆ, ಮುದುಕಿ ಕಣ್ಣಿಗೇನೂ ಆಗಿರಲಿಲ್ಲ. ಚೆನ್ನಾಗೇ ಕಾಣ್ತಿತ್ತು. ಸುಮ್ಮನೆ, ನನ್ನ ಬಗ್ಗೆ ಅಂದ್ಕೊಂಡಳು ಅಷ್ಟೆ. ಬೆಳಿಗ್ಗೆ ಎದ್ದು ತಲೆ ಬಾಚಿ, ಒಳ್ಳೆ ಸೀರೆ ಉಟ್ಟು, ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತಳು. ಮೊಮ್ಮಗಳು ಬಂದಳು. 'ಎಲ್ಲಿಗೆ ಅಜ್ಜಿ ಸವಾರಿ?' ಅಂದಳು. ಅಂದು, ಪಕ್ಕದಲ್ಲೇ ಹಾದು ಪೆಟ್ಟಿಗೆ ಹತ್ರ ಹೋಗಿ ಮಂಡಿಯೂರಿದಳು. ಪೊರೆ ಬಂದಿದ್ದು ಹಾವಿನ ಕಣ್ಣಿಗೆ. ಚರ್ಮ ಕಳಚೋ ಮುಂಚೆ ಅದರ ಕಣ್ಣೂ ಮಂಜಾಗುತ್ತಂತೆ.

ಈಗ ಯಾಕೆ ನಗ್ತಿಲ್ಲ? ಇದೇ ತಾನೆ ನಗೋ ಜಾಗ.

ಮುದುಕಿ ಆ ಸೀರೇಲೇ ಪಾತ್ರೆ ತೊಳೆದಳು.

ಮತ್ತೆ ಅದಕ್ಕೆ ಪೊರೆ ಬಿಡೋ ಕಾಲ ಬಂದಾಗ, ಮೊಮ್ಮಗಳನ್ನ ಕಂಪನಿಯವರು ತರಬೇತಿಗೆ ಅಂತ ಬೇರೆ ಊರಿಗೆ ಕಳಿಸಿದರು. ಹೋಗುವಾಗ ಮನೆ ಬೀಗದ ಕೈ ಮುದುಕಿಯ ಅಂಗೈಯಲ್ಲಿಟ್ಟು, ಮುಷ್ಟಿ ಮುಚ್ಚಿ, 'ಮನೆನೂ ನಿನ್ನ ಕೈಲಿ, ಅವಳೂ ನಿನ್ನ ಕೈಲಿ. ಗಾಜು ಸರಿಸಿ ನೀರು ಚಿಮುಕಿಸು, ಪಾಚಿ ಒಣಗೋಕೆ ಬಿಡಬೇಡ' ಅಂದಳು. ಮುದುಕಿ ಏನು ಮಾಡಿದಳು ಅಂತೀಯಾ? ಹೊಟ್ಟೆಕಿಚ್ಚು ಕಣೇ. ಒಣಗಲಿ ಅಂತ ಬಿಟ್ಟಳು. ನೀರು ಚಿಮುಕಿಸೋ ಬಾಟಲಿ ಮುಟ್ಟಲೇ ಇಲ್ಲ. ಮುಗೀತು ಕಥೆ. ಬೈಯೋದಿದ್ರೆ ಬೈದುಬಿಡು.

ಎಲ್ಲಿಗೆ ಎದ್ದೆ?

ಆ ಬಾಟಲಿ ಯಾಕೆ ಅಲ್ಲಾಡಿಸ್ತೀಯಾ? ಖಾಲಿನಾ... ಗಿಡಕ್ಕೆ ಹಾಕಿರ್ತಾಳೆ ಮುದುಕಿ. ಯಾವ ಗಿಡಕ್ಕೆ ಅಂದ್ರೆ... ನಮ್ಮನೇಲಿ ಗಿಡ ಇಲ್ಲ, ಗೊತ್ತು. ಕಥೇಲಿ ಇತ್ತು.

ಪೆಟ್ಟಿಗೆ ಮುಂದಿನ ಚಾಪೆ ಮೇಲೆ ನಿಂತ್ಕೋಬೇಡ. ಪಚಪಚ ಅಂತಿದೆ, ಕೇಳಿಸ್ತು. ಏನೋ ಚೆಲ್ಲಿರಬೇಕು.

ಏನಾದ್ರೂ ಮಾತಾಡು. ಅಲ್ಲೇ ನಿಂತಿದೀಯಾ? ಎಲ್ಲಿದೀಯಾ?

...ನಿನ್ನ ಕೈ. ಯಾಕೆ ಎಳೀತೀಯಾ, ಬರ್ತೀನಿ ಇರು. ಏನಿದು, ಗಾಜು. ಒರಟು ಒರಟಾಗಿದೆ. ನೀರು ಇಳಿದು ಒಣಗಿದ ಗೆರೆ. ಮೇಲಿಂದ ಕೆಳಗಿನ ತನಕ ಗೆರೆ. ಇದು... ಇದು ಹೊರಗಡೆ ತಾನೆ?

ಅಯ್ಯೋ ದೇವರೇ.

ಎರಡು ಗಾಜು ಕಣೇ ಇದಕ್ಕೆ. ಒಂದನ್ನ ಸರಿಸ್ತಿದ್ದೆ. ಅದು ಹೋಗಿ ಇನ್ನೊಂದರ ಮುಂದೆ ನಿಲ್ಲೋದು, ನಾನು ತೆರೆದ ಕಡೆ ಬಿಟ್ಟು ಅದರ ಮೇಲೇ... ದಿನಾ. ಒಂದು ದಿನವೂ ತಪ್ಪಿಸಿಲ್ಲ. 'ಕುಡಿಯೇ ಸವತಿ' ಅಂತ ಬೈತಾ ಬೈತಾ ಹೊಡೆದಿದೀನಿ ನೀರು. ಮುಳ್ಳು ಎಲ್ಲಿ ನಿಂತಿದೆ ಅಂತ ಕಂಡಿದ್ರೆ ತಾನೆ. ಹಾವೇ ಒಂದು ಮಬ್ಬು ಸುರುಳಿ ನನಗೆ. ನೀನೂ ಈಗ ಹಾಗೇ.

ಹೊಟ್ಟೆಕಿಚ್ಚಿನ ಮುದುಕಿಗಾದ್ರೆ ಬೈದು, ನಾಳೆ ಮತ್ತೆ ಬೀಗದ ಕೈ ಕೊಡ್ತೀಯಾ. ಕಣ್ಣು ಕಾಣದವಳಿಗೆ ಯಾರು ಕೊಡ್ತಾರೆ, ಹೇಳು. ಅದಕ್ಕೇ ಕಥೆ ಕಟ್ಟಿದೆ.

ಯಾಕೇ, ಅಳ್ತಿದೀಯಾ? ಕೆನ್ನೆ ಒದ್ದೆ ಇದೆ. ಇದು ಗಾಜಲ್ಲ ಬಿಡು, ಇದು ನನಗೆ ಗೊತ್ತಾಗುತ್ತೆ.

ಸುಮ್ಮನಿರು ಈಗ. ಕಥೆ ಅರ್ಧಕ್ಕೆ ಬಿಡಬಾರದು, ಇನ್ನು ಆಗಬೇಕಾದ್ದನ್ನೂ ಸೇರಿಸಿ ಪೂರ್ತಿ ಹೇಳ್ತೀನಿ. ಮೊಮ್ಮಗಳು ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ನೆನೆಸಿ ಹಾವಿಗೆ ಹೊದಿಸಿದಳು. ಅಂಟಿದ ಪೊರೆ ನೆನೆದು, ಬಟ್ಟೆಯ ನಡುವೆ ಅದು ಹರಿದಾಡ್ತಾ ಹರಿದಾಡ್ತಾ ಕಾಲುಚೀಲ ಕಳಚಿದ ಹಾಗೆ ಬಂತು, ಕಣ್ಣಿನ ಮೇಲಿಂದೂ ಬಂತು. ಆಮೇಲೆ ಫಳಫಳ ಹೊಳೀತು ಆ ಬಿನ್ನಾಣಗಿತ್ತಿ. ಮೊಮ್ಮಗಳು ಆ ಗಾಜಿನ ಅಂಚಿಗೆ ಒಂದು ದಾರದ ಗಂಟು ಅಂಟಿಸಿದಳು, ಯಾವ ಕಡೆ ತೆರೆದಿದೆ ಅಂತ ಬೆರಳಿಗೆ ತಿಳಿಯೋ ಹಾಗೆ. ಬೀಗದ ಕೈ ವಾಪಸ್ ಕೇಳಲಿಲ್ಲ. ಕೇಳಲಿಲ್ಲ ತಾನೆ? ಹಾಂ, ಕೇಳಲಿಲ್ಲ. ಇನ್ನೊಂದು ದಿನ ರಜೆ ಹಾಕಿದಳು, ಈ ಸಲ ಮುದುಕಿಗೇ ಅಂತ. ಮುದುಕಿ ಅದೇ ಸೀರೆ ಉಟ್ಟು ಕಣ್ಣಿನ ಆಸ್ಪತ್ರೆಗೆ ಹೋದಳು, ಅವಳ ಪೊರೆಯನ್ನೂ ತೆಗೆದರು. ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದು ಹಾವನ್ನ ಮೊದಲ ಸಲ ಸರಿಯಾಗಿ ನೋಡಿದಳು. ಚೆಂದ ಇತ್ತು. ಅದಕ್ಕೇ ಇನ್ನೂ ಸ್ವಲ್ಪ ಹೊಟ್ಟೆ ಉರೀತು.

ಅದೂ ಅಲ್ಲದೆ, ಪೊರೆ ಮೊದಲು ಬಿಟ್ಟಿದ್ದು ಆ ಬಿನ್ನಾಣಗಿತ್ತೀನೇ ನೋಡು. ಅಲ್ಲೂ ಅವಳದೇ ಮೊದಲ ಸರದಿ.