ಹನ್ನೆರಡು ಫೂಟಿನ ಹಾದಿ

...ಏಳು ಏಳು, ಕಾಲು ಮುಟ್ಟಬ್ಯಾಡ ಭರಮವ್ವಾ! ನಾ ಎಂಥಾ ಅಯ್ಯಾ ಅಂತ ಮುಟ್ಟತಿ? ಮ್ಯಾಲ ಖುರ್ಚಿ ಮ್ಯಾಗ ಕುಂದರು. ಅರ್ಜಿ ಓದಿನಿ. ಎರಡು ಸಲ ಓದಿನಿ. ಸೋಮವಾರದಿಂದ ಖಾನಾಪುರದ ಬಸ್ಸು ನಮ್ಮ ಲೇಔಟಿನ ಸ್ಟಾಪಿನ್ಯಾಗ ನಿಂದ್ರೂದಿಲ್ಲ... ಶಿವನ ಇಚ್ಛಾ. ಅದಕ್ಕ ನನ್ನ ಸಹಿ ಯಾಕ?

ಯಾಕ ನಗತಿ? ಬಸ್ ಡಿಪೋ ಸಾಹೇಬ್ರು ಅಂದದ್ದು ಸುಳ್ಳೇನು? ‘ಸ್ಟಾಪಿನ್ಯಾಗ ಮಂದೀನ ಇಲ್ಲ, ಯಾರಿಗಂತ ಬಸ್ಸು ನಿಂದ್ರಿಸೂದು’ ಅಂದ್ರು. ಖರೇ ಐತಲ್ಲ! ಅರವತ್ತು ಮನಿ. ದಿನಾ ಬಸ್ಸಿಗೆ ನಿಂದ್ರಾವ್ರು ನೀ ಒಬ್ಬಾಕಿ, ಆ ಪ್ರಮಿಳಾ ಟೀಚರ್ ಒಬ್ಬಾಕಿ.

ಮಂದೀನೂ ಬೈಯಾಂಗಿಲ್ಲ ತಗೊ. ಸ್ಟಾಪು ಇಲ್ಲೇ, ನಮ್ಮ ಮನಿ ಹಿಂದ. ನೂರು ಹೆಜ್ಜಿ ಇಲ್ಲ. ಆದ್ರ ಹೋಗಬೇಕಂದ್ರ? ಇಡೀ ಲೇಔಟು ಸುತ್ತಿ, ಕಮಾನು ದಾಟಿ, ಹಳ್ಳದ ಮ್ಯಾಲಿನ ಪೂಲಿಗೆ ಹೋಗಿ, ತಿರುಗಿ ಬರಬೇಕು... ಎರಡು ಕಿಲೋಮೀಟರ್! ಅಷ್ಟಕ್ಕ ಗಾಡಿ ತಗದಾಂವ ಬಸ್ಸಿಗೆ ಯಾಕ ಕಾಯತಾನು? ಬೆಳಗಾವಿತನಕ ಗಾಡಿ ಮ್ಯಾಗ ಹೋಗಿಬಿಡತಾನ. ಒಂದು ಬಸ್ಸಿನ ಎಣ್ಣಿಯೊಳಗ ಮುಗಿಯೂ ಹಾದಿಗೆ ದಿನಾ ಅರವತ್ತು ಟಾಕಿ ಪೆಟ್ರೋಲ್ ಹೊಗಿ ಆಗತೈತಿ. ಹಾಲಿಗೆ ಗಾಡಿ, ಕೊತಂಬರಿಗೆ ಗಾಡಿ. ಬಾಜೂಮನಿ ಗೌರೀಶ ಹೊಟ್ಟಿ ಕರಗಸಾಕ ವಾಕಿಂಗ್ ಮಾಡತಾನಲ್ಲ... ವಾಕಿಂಗಿಗೂ ಗಾಡಿ ಮ್ಯಾಗ ಹೋಗತಾನ!

ನಗು. ನೀ ನಕ್ಕರ ನನಗ ಹಗುರ ಆಗತೈತಿ.

ಗೊತ್ತೈತಿ ತಂಗಿ, ಗೊತ್ತೈತಿ. ಬಸ್ಸು ತಪ್ಪಿದ್ರ ಮಚ್ಛೆ ಫ್ಯಾಕ್ಟರಿಯ ನಿನ್ನ ಕೆಲಸ ತಪ್ಪಿತು. ಗಾಡಿ ಹೊಡ್ಯಾಕ ನಿನಗ ಬರಾಂಗಿಲ್ಲ. ನಿನ್ನ ಸಲುವಾಗಿ ದಿನಾ ಶಿವನ ಮುಂದ ಕೈ ಮುಗೀತೀನಿ... ಹೂಂ, ಸಹಿ. ‘ಮೊದಲ ಹನ್ನೆರಡು ಫೂಟಿನ ಹಾದಿ ನಕಾಶದಾಗ ಇತ್ತು, ತಗಿಸಿ ಕೊಡ್ರಿ.’ ಇತ್ತವ್ವಾ. ಇತ್ತು. ನಕಾಶ ಬರದಾಂವ ನಾನೇ, ಇಲ್ಲ ಅನ್ನಾಂಗಿಲ್ಲ. ಲೇಔಟಿನ ಮಾಲಕ ಅಳಿಸು ಅಂದ. ‘ನಡಿಯಾಕ ಬಿಟ್ಟ ಜಾಗಾ ಸುಮ್ನ ಹಾಳು’ ಅಂದ. ದೊಡ್ಡವ್ರ ಮುಂದ ಪೆನ್ಸಿಲ್ ಹಿಡದಾಂವ ಏನು ಮಾಡ್ಯಾನು? ಈರಯ್ಯ ಸುಳ್ಳು ಹೇಳಾಂಗಿಲ್ಲ, ಇಡೀ ಲೇಔಟಿಗೆ ಗೊತ್ತೈತಿ...

ಆ ಕಡೆ ಯಾಕ ನೋಡತಿ?

ಅದು ದೇವರ ಖೋಲಿ. ಹೌದು, ಮನಿ ಕಟ್ಟಿದ ಮ್ಯಾಲ ಕಟ್ಟಿಸಿದ್ದು. ಈಗ ಒಡಿ ಅಂದ್ರ ಹೆಂಗ ಒಡೀಲಿ? ದಿನಾ ದೀಪ ಹಚ್ಚೂ ಜಾಗಾ! ನೀ ಒಡೀತಿಯೇನು? ಆತು, ಗುದ್ದಲಿ ಕೊಡತೀನಿ, ಒಡಿ... ನೋಡು! ಗುದ್ದಲಿ ಅಂದಕೂಡ್ಲೆ ಕೈ ಮುಗದಿ. ನನಗ ಗೊತ್ತಿತ್ತು. ದೇವರನ್ನ ಕುಂದ್ರಿಸಿದ್ರ ಯಾರೂ ಮುಟ್ಟೂದಿಲ್ಲ ಅಂತ ಗೊತ್ತಿದ್ದೇ ನಾ...

...

ಏನಿಲ್ಲ. ಚಾ ಕುಡೀತಿಯೇನು?

ಭರಮವ್ವಾ, ಬೈಯರೆ ಬೈ. ಹಂಗ ಕಣ್ಣಿಲೇ ಆ ಖೋಲಿ ಅಳೀಬ್ಯಾಡ, ನನಗ ತಡಕೊಳ್ಳಾಕ ಆಗೂದಿಲ್ಲ...

ಮಾಲಕ ಅಳಿಸು ಅನ್ನಲಿಲ್ಲ. ಪಾಪ, ಅವಗ ನೆನಪೂ ಇರಲಿಲ್ಲ. ನನ್ನ ಸೈಟು ಸಣ್ಣದಿತ್ತು, ಬಾಜೂಕ ಹನ್ನೆರಡು ಫೂಟು ಖಾಲಿ ಬಿದ್ದಿತ್ತು. ಒಂದು ರಬ್ಬರ್ ಸಾಕಾತು. ನಾಕು ಮಂದಿ ನಡದು ಹೋಗೂ ಹಾದಿ, ಅಷ್ಟೇ ಅಂತ ತಿಳದಿದ್ದೆ. ಅದರ ಮ್ಯಾಲ ಇಡೀ ಊರಿನ ಗಾಡಿ, ಹೊಗಿ, ಬಸ್ಸು, ನಿನ್ನ ಅನ್ನ ನಿಂತೈತಿ ಅಂತ ಖರೇನ ತಿಳಿದಿರಲಿಲ್ಲ. ಆಮ್ಯಾಲ ತಿಳೀತು. ತಿಳದು... ಅಲ್ಲಿ ದೀಪ ಹಚ್ಚಿದೆ. ಎದಿ ಮ್ಯಾಲ ಲಿಂಗ ಕಟ್ಟಿಕೊಂಡಾಂವಗ ತನ್ನ ಅಂಗೈಯೇ ಗುಡಿ. ನನಗ ಖೋಲಿ ಯಾಕ ಬೇಕಿತ್ತು? ಕೇಳು. ಬಾಯಿ ಬಿಟ್ಟು ಕೇಳವ್ವಾ!

ಯಾಕ ಎದ್ದಿ? ಬಸ್ಸು... ಹೌದಲ್ಲ, ಬಸ್ಸಿನ ಹಾರ್ನು! ಸುತ್ತು ಹಾಕಿದ್ರ ಸಿಗೂದಿಲ್ಲ. ಬಾ, ಹಿಂಗ ಬಾ, ದೇವರ ಖೋಲಿಯಾಗಿಂದ ಹಾದು ಹೋಗು. ಚಪ್ಪಲಿ ಇರಲಿ, ಶಿವ ಬ್ಯಾಡ ಅನ್ನಾಂಗಿಲ್ಲ, ಲಗೂ ಬಾ, ಲಗೂ...

ನಿಂದ್ರು ತಂಗಿ.

ಈ ಗ್ವಾಡಿಗೆ ನಾ ಬಾಗಲಾ ಇಟ್ಟಿಲ್ಲ.